ಹತ್ತು ಸಲ ಬರಿ

ಹದಿನೈದು ವರ್ಷ ಲಾಡ್ಜಿನ ಕೌಂಟರಿನ ಹಿಂದೆ ನಿಂತು, ಬಂದವರನ್ನೆಲ್ಲ ಇಂಗ್ಲಿಷಿನಲ್ಲಿ ಬರಮಾಡಿಕೊಂಡು, ಇಂಗ್ಲಿಷಿನಲ್ಲಿ ಬೀಗದ ಕೈ ಕೊಟ್ಟು, ಬಿಸಿನೀರು ಬಾರದಿದ್ದಕ್ಕೆ ಇಂಗ್ಲಿಷಿನಲ್ಲೇ ಕ್ಷಮೆ ಕೇಳಿದ ಮನುಷ್ಯನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಅಂದರೆ ಅದು ಬರೀ ಹೊಟ್ಟೆಕಿಚ್ಚಿನ ಮಾತು. ನಮ್ಮ ಮೇಷ್ಟ್ರಿಗೆ ಇಂಗ್ಲಿಷ್ ಬರುತ್ತಿತ್ತು. ನೀರು ಕುಡಿದಷ್ಟು ಸಲೀಸಾಗಿ ಬರುತ್ತಿತ್ತು. ಅದು ಯಾಕೆ ಹಾಗಿದೆ ಎಂಬುದೊಂದು ಗೊತ್ತಿರಲಿಲ್ಲ, ಅಷ್ಟೆ. ಲಾಡ್ಜಿನಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

ಲಾಡ್ಜು ಮುಚ್ಚಿತು. ದುಡಿಯುವ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಸಂಜೆ ಶಾಲೆಯೊಂದರಲ್ಲಿ ಕೆಲಸ ಖಾಲಿ ಇತ್ತು. ಎರಡು ಕೋಣೆ, ಒಂದು ಬೋರ್ಡು, ಮೂವತ್ತೆರಡು ಕುರ್ಚಿ. ಪ್ರಿನ್ಸಿಪಾಲರು ಎರಡು ನಿಮಿಷ ಅವರ ಇಂಗ್ಲಿಷನ್ನೂ ಮೂರು ನಿಮಿಷ ಅವರ ಟೈಯನ್ನೂ ಪರೀಕ್ಷಿಸಿ, "ಆರು ತಿಂಗಳು ನೋಡ್ತೀವಿ. ಆಮೇಲೆ ಖಾಯಂ" ಎಂದರು. ಹೆಂಡತಿ ಆ ಸುದ್ದಿಯನ್ನು ಮಹಡಿ ಮೇಲಿನ ಪೋಸ್ಟ್ ಮಾಸ್ಟರಿಗೆ ಮುಟ್ಟಿಸಿದಳು. ಪೋಸ್ಟ್ ಮಾಸ್ಟರು ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ಸುದ್ದಿ ಹಂಚುವುದರಿಂದ ಆಗಿರಲಿಲ್ಲ. ಸಂಜೆಯೊಳಗೆ ಬೀದಿಗೆ ಬೀದಿಯೇ ಅವರನ್ನು ಟೈ ಮೇಷ್ಟ್ರು ಎಂದು ಕರೆಯತೊಡಗಿತು.

ಮೊದಲ ದಿನವೇ, ಮೊದಲ ಸಾಲಿನಲ್ಲೇ, ಕುತ್ತಿಗೆಗೆ ಅಳತೆ ಟೇಪು ಸುತ್ತಿಕೊಂಡೇ ಬಂದಿದ್ದ ದರ್ಜಿ ಅಕ್ಕ ಕೈ ಎತ್ತಿದಳು.

"ಸರ್, ಈ 'ದಿ' ಅನ್ನೋದನ್ನ ಇಲ್ಲಿ ಹಾಕಿದ್ರಿ, ಅಲ್ಲಿ ಹಾಕ್ಲಿಲ್ಲ. ಯಾಕೆ?"

ಮೇಷ್ಟ್ರು ಬೋರ್ಡು ನೋಡಿದರು. ತಮ್ಮ ಕೈಯೇ ಬರೆದಿತ್ತು. "ಹಾಗೆ ಅಂದ್ರೇನೇ ಕೇಳೋಕೆ ಚೆನ್ನಾಗಿರುತ್ತೆ" ಎಂದರು.

"ತೋಳು ಯಾಕೆ ಇಷ್ಟುದ್ದ ಅಂತ ಗಿರಾಕಿ ಕೇಳಿದ್ರೆ ನೋಡೋಕೆ ಚೆನ್ನಾಗಿದೆ ಅಂತ ನಾನು ಹೇಳೋಕಾಗುತ್ತಾ ಸರ್? ಅಳತೆ ಅಂತ ಒಂದಿರಲ್ವಾ?"

"ಇದೆ. ನಾಳೆ ಹೇಳ್ತೀನಿ" ಎಂದರು ಮೇಷ್ಟ್ರು. ಆ ವಾರದಲ್ಲಿ ನಾಳೆಗೆ ಹೋದ ಪ್ರಶ್ನೆಗಳು ಹನ್ನೊಂದು. ಬಸ್ ಡ್ರೈವರನೊಬ್ಬನೇ ನಾಲ್ಕು ಕೇಳಿದ್ದ. ಮೇಷ್ಟ್ರು ದಪ್ಪನೆಯ ವ್ಯಾಕರಣದ ಪುಸ್ತಕವೊಂದನ್ನು ತಂದರು. ಅದರಲ್ಲಿ ನಿಯಮ ಒಂದು ಪುಟ ಇದ್ದರೆ, ನಿಯಮಕ್ಕೆ ಒಳಪಡದವು ಆರು ಪುಟ. ಮೂರನೇ ದಿನ ಅದು ತಲೆದಿಂಬಾಯಿತು.

ಎರಡು ಬೀದಿಯಾಚೆ ದೊಡ್ಡ ಟೀಚರ್ ಇದ್ದರು. ಮೂವತ್ತೆಂಟು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಒಂಟಿ ಜೀವ. ದಿನಾ ಬೆಳಗ್ಗೆ ಏಳಕ್ಕೆ ಎಂಟು ಮಕ್ಕಳು ಅವರ ಮನೆಗೆ ಪಾಠಕ್ಕೆ ಬರುತ್ತಿದ್ದವು. ಒಂದು ಬೆಳಗ್ಗೆ, ಆರು ಗಂಟೆಗೇ, ಮೇಷ್ಟ್ರು ಹೋಗಿ ಆ ಬಾಗಿಲು ತಟ್ಟಿದರು. ಇಂಗ್ಲಿಷ್ ಮೇಷ್ಟ್ರಿಗೆ ವ್ಯಾಕರಣ ಬರುವುದಿಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ.

"ನಾನು ಔಷಧಿ ಅಂಗಡೀಲಿ ಗುಮಾಸ್ತ, ಟೀಚರ್. ಇಂಗ್ಲಿಷ್ ಗ್ರಾಮರ್ ಬುಡದಿಂದ ಕಲೀಬೇಕು."

"ಕೂತ್ಕೊಳ್ಳಿ" ಎಂದರು ಟೀಚರ್. ಹದಿನೈದು ಪ್ರಶ್ನೆ ಕೊಟ್ಟರು. ಎರಡು ಸರಿಯಾದವು. ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ಸಿಲಿನ ಓಡಾಟ ಮುಗಿಯುವಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. "ನೋಡಪ್ಪಾ, ನನ್ನಲ್ಲಿ ಒಂದೇ ಕಾನೂನು. ತಪ್ಪಾದ್ರೆ ಬೈಯೋದಿಲ್ಲ, ಹೊಡೆಯೋದಿಲ್ಲ. ಸರಿಯಾದದ್ದನ್ನ ಹತ್ತು ಸಲ ಬರಿ. ಕೈಗೆ ಗೊತ್ತಾದ್ರೆ ತಲೆಗೆ ತಾನಾಗಿ ಗೊತ್ತಾಗುತ್ತೆ."

ಹದಿಮೂರು ತಪ್ಪು, ತಲಾ ಹತ್ತು ಸಲ. ಮೇಷ್ಟ್ರು ಬರೆಯುತ್ತಲೇ ಇದ್ದಾಗ ಏಳು ಹೊಡೆಯಿತು. ಎಂಟು ಮಕ್ಕಳು ಬಂದು, ಗೋಡೆಗೆ ಒರಗಿಸಿಟ್ಟಿದ್ದ ಬರೆಯುವ ಹಲಗೆಗಳನ್ನು ಒಂದೊಂದು ಎತ್ತಿಕೊಂಡು, ಚಾಪೆಯ ಮೇಲೆ ಅವರ ಸುತ್ತಲೂ ಕೂತವು. ಎರಡು ಜಡೆಯ ಹುಡುಗಿಯೊಂದು ಅವರ ನೋಟ್‌ಬುಕ್ಕಿಗೆ ಕತ್ತು ಚಾಚಿ ನೋಡಿ, "ಮಾವ, ನಂಗೂ ಮೊದಲು ಹಾಗೇ ಆಗ್ತಿತ್ತು" ಎಂದು ಸಮಾಧಾನ ಹೇಳಿತು.

ಆದರೆ ಔಷಧಿ ನಾಟಿತು. ಬೆಳಗ್ಗೆ ಟೀಚರ್ ಮನೆಯಲ್ಲಿ ಕಲಿತದ್ದನ್ನು ಮೇಷ್ಟ್ರು ಸಂಜೆ ಬೋರ್ಡಿನ ಮೇಲೆ ಇಳಿಸುತ್ತಿದ್ದರು. ಟೀಚರ್ ಹೇಳಿದ ಉದಾಹರಣೆ, ಟೀಚರ್ ಹೇಳಿದ ಜೋಕು, ಕೊನೆಗೆ ಟೀಚರ್ ಕನ್ನಡಕ ಸರಿಮಾಡಿಕೊಳ್ಳುವ ರೀತಿ ಕೂಡ. ಮೇಷ್ಟ್ರಿಗೆ ಕನ್ನಡಕ ಇರಲಿಲ್ಲ, ಆದರೂ ಸರಿಮಾಡಿಕೊಂಡರು. "ಈಗ ಅಳತೆ ಸಿಕ್ತು ಸರ್" ಎಂದಳು ದರ್ಜಿ ಅಕ್ಕ. ನಾಳೆಗೆ ಹೋಗಿದ್ದ ಪ್ರಶ್ನೆಗಳೆಲ್ಲ ಒಂದೊಂದಾಗಿ ವಾಪಸು ಬಂದವು.

ಎಲ್ಲ ಹೀಗೇ ನಡೆದಿದ್ದರೆ ಈ ಕಥೆಗೆ ಕೆಲಸವೇ ಇರುತ್ತಿರಲಿಲ್ಲ. ಆದರೆ ಪೋಸ್ಟ್ ಮಾಸ್ಟರು ಬೆಳಗಿನ ಜಾವಕ್ಕೇ ಎದ್ದು ನಡೆಯಲು ಹೋಗುತ್ತಿದ್ದರು. ಒಂದು ದಿನ ದೊಡ್ಡ ಟೀಚರ್ ಮನೆಯ ಗೇಟಿನಲ್ಲೇ ಎದುರಾದರು.

"ಏನು ಮೇಷ್ಟ್ರೇ, ಇಷ್ಟು ಬೇಗ?"

"ಪಾಠ ಇತ್ತು."

"ಪಾಠಾನಾ? ದೊಡ್ಡ ಟೀಚರ್‌ಗಾ?" ಪೋಸ್ಟ್ ಮಾಸ್ಟರ ಕಣ್ಣು ಅರಳಿತು. "ಪಾಪ, ಅವರಿಗೂ ವಯಸ್ಸಾಯ್ತು. ಹೊಸ ಸಿಲಬಸ್ಸು ಬೇರೆ. ಒಳ್ಳೇ ಕೆಲಸ ಮಾಡ್ತಿದ್ದೀರಿ ಬಿಡಿ!"

ಮೇಷ್ಟ್ರು ಕೆಮ್ಮಿದರು. ಸತ್ಯ ಹೇಳಲು ಬೇಕಾದ್ದು ಒಂದೇ ಒಂದು 'ಅಲ್ಲ'. ಅದನ್ನು ಹೇಳುವ ಬದಲು ಟೈ ಸರಿಮಾಡಿಕೊಂಡರು. ಕೆಮ್ಮಿಗೆ ಹೌದು ಎಂದೂ ಅರ್ಥವಿಲ್ಲ, ಅಲ್ಲ ಎಂದೂ ಇಲ್ಲ. ಆದರೆ ಪೋಸ್ಟ್ ಮಾಸ್ಟರು ಜೀವನವಿಡೀ ಎಂಥೆಂಥ ಗೀಚಿದ ವಿಳಾಸವನ್ನೂ ಓದಿ ಮುಟ್ಟಿಸಿದವರು.

ಮಧ್ಯಾಹ್ನ ಮೇಷ್ಟ್ರು ಊಟಕ್ಕೆ ಕೂತಾಗ ಹೆಂಡತಿ ಸೌಟು ಹಿಡಿದುಕೊಂಡೇ ನಿಂತಿದ್ದಳು. ಅವಳ ಮುಖ ಇಷ್ಟಗಲವಾಗಿತ್ತು.

"ನಂಗೊಂದು ಮಾತು ಹೇಳ್ಲೇ ಇಲ್ವಲ್ಲ ನೀವು! ವಾಕಿಂಗ್ ಹೋಗ್ತೀನಿ ಅಂದ್ರಿ. ದೊಡ್ಡ ಟೀಚರ್‌ಗೇ ಪಾಠ ಹೇಳಿ ಕೊಡ್ತಿದ್ದೀರಂತೆ! ನಾನು ಆ ಯಮ್ಮನ ಕೈಲಿ ಮೂರು ಸಲ ಫೇಲಾಗಿದ್ದೆ, ಗೊತ್ತಾ?"

ಲಾಡ್ಜು ಮುಚ್ಚಿದ ಮೇಲೆ ಅವಳ ಮುಖ ಹೀಗೆ ಬೆಳಗಿದ್ದನ್ನು ಮೇಷ್ಟ್ರು ನೋಡಿರಲಿಲ್ಲ. ಅನ್ನ ಗಂಟಲಲ್ಲಿ ನಿಂತಿತು. ನೀರು ಕುಡಿದರು. ಅನ್ನದ ಜೊತೆ ಸತ್ಯವೂ ಕೆಳಗಿಳಿಯಿತು.

ಇಡೀ ಬೀದಿಯಲ್ಲಿ ಸತ್ಯ ನುಡಿದದ್ದು ಎರಡು ಜಡೆಯ ಹುಡುಗಿಯೊಬ್ಬಳೇ. "ಅಮ್ಮಾ, ಆ ಟೈ ಮಾವ ನಮ್ಮ ಜೊತೆ ಚಾಪೆ ಮೇಲೆ ಕೂತು ಬರೀತಾರೆ. ನಿನ್ನೆ ಅವರಿಗೆ ನಾಲ್ಕೇ ಸರಿ ಬಂತು."

"ಅದು ಪರೀಕ್ಷೆ ಕಣೆ" ಎಂದು ತಾಯಿ ತಿಳಿಸಿ ಹೇಳಿದಳು. "ಬೇಕಂತಲೇ ತಪ್ಪು ಬರೀತಾರೆ. ಟೀಚರ್‌ಗೆ ಗೊತ್ತಾಗುತ್ತೋ ಇಲ್ವೋ ಅಂತ ನೋಡೋಕೆ."

ಅಷ್ಟು ಹೇಳಿದ ತಾಯಿಗೆ ಅದೇ ಮಾತು ತಲೆಯಲ್ಲಿ ಕೊರೆಯತೊಡಗಿತು. ತನಗೇ ಪಾಠ ಬೇಕಾದ ಟೀಚರು ತನ್ನ ಮಗಳಿಗೆ ಏನು ಕಲಿಸಿಯಾಳು? ಹಾಲು ತರುವಾಗ ಪಕ್ಕದ ಮನೆಯವಳನ್ನು ಕೇಳಿದಳು. ಪಕ್ಕದ ಮನೆಯವಳು ಆಚೆ ಮನೆಯವಳನ್ನು ಕೇಳಿದಳು. ಮರುದಿನ ಟೀಚರ್ ಮನೆಗೆ ಏಳೇ ಮಕ್ಕಳು ಬಂದವು. ಆಮೇಲೆ ಐದು. ಗೋಡೆಗೆ ಒರಗಿದ ಹಲಗೆಗಳನ್ನು ಎತ್ತುವ ಕೈಗಳು ಕಡಿಮೆಯಾದವು.

ಆ ಮಕ್ಕಳು ಎಲ್ಲಿ ಹೋದವು ಎಂಬುದು ಮೇಷ್ಟ್ರಿಗೆ ಒಂದು ಸಂಜೆ ನಾಲ್ಕಕ್ಕೆ ಗೊತ್ತಾಯಿತು. ತಮ್ಮ ಮನೆಯ ಹೊಸಿಲಲ್ಲೇ ಮೂರು ಜೊತೆ ಪುಟ್ಟ ಚಪ್ಪಲಿ. ಒಳಗೆ ಹೆಂಡತಿ ಚಾಪೆ ಹಾಸುತ್ತಿದ್ದಳು.

"ಟೀಚರ್‌ಗೇ ಕಲಿಸೋರು ನಮ್ಮ ಮಕ್ಕಳಿಗೆ ಕಲಿಸಲ್ವಾ ಅಂತ ಕೇಳಿದ್ರು. ನಾನು ಹೂಂ ಅಂದೆ. ಬೇಡ ಅಂತೀರಾ?"

ಎರಡು ಜಡೆಯ ಹುಡುಗಿ ಮೇಷ್ಟ್ರನ್ನು ನೋಡಿ ಖುಷಿಯಿಂದ ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು. "ಬನ್ನಿ ಮಾವ, ಇಲ್ಲಿ ಕೂತ್ಕೊಳ್ಳಿ. ಇವತ್ತು ಪಾಠ ಮಾಡೋರು ಯಾರು?"

ಮೇಷ್ಟ್ರು ಪಾಠ ಮಾಡಿದರು. ಬೆಳಗ್ಗೆ ಟೀಚರ್ ಹೇಳಿಕೊಟ್ಟದ್ದನ್ನು, ಟೀಚರ್ ಮಕ್ಕಳಿಗೇ, ಟೀಚರ್ ಮಾತಿನಲ್ಲೇ. ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ಮಕ್ಕಳು ಅದನ್ನು ಸೆಕೆ ಅಂದುಕೊಂಡವು.

ಹತ್ತು ದಿನದಲ್ಲಿ ಎಂಟೂ ಹಲಗೆ ಗೋಡೆಗೆ ಒರಗಿಯೇ ಉಳಿದವು. ಆ ಬೆಳಗ್ಗೆ ಏಳು ಹೊಡೆದಾಗ ಟೀಚರ್ ಎದ್ದು ಬಾಗಿಲು ತೆಗೆದು, ಬೀದಿಯ ಎರಡೂ ಕಡೆ ನೋಡಿ, ಮತ್ತೆ ಬಂದು ಕೂತರು.

"ನಾನೇನಾದ್ರೂ ಜಾಸ್ತಿ ಬೈದ್ನೇನಪ್ಪಾ? ನಿಂಗೇನಾದ್ರೂ ಗೊತ್ತಾ?"

"ಇಲ್ಲ ಟೀಚರ್."

"ಬೈದಿಲ್ಲ ಅಂತಾನೋ, ಗೊತ್ತಿಲ್ಲ ಅಂತಾನೋ?"

ಮೇಷ್ಟ್ರು ತಲೆ ತಗ್ಗಿಸಿದರು. ಈಗ ಹೇಳಿಬಿಡಬೇಕು ಎಂದು ಬಾಯಿ ತೆರೆದರು. ಬಾಯಿಂದ ಬಂದದ್ದು, "ಇನ್ನೊಂದು ಹತ್ತು ಪ್ರಶ್ನೆ ಕೊಡಿ ಟೀಚರ್" ಎಂಬ ಮಾತು. ಟೀಚರ್ ಮುಖ ಕೊಂಚ ಗೆಲುವಾಯಿತು. "ಹೋಗಲಿ, ನೀನೊಬ್ಬ ಉಳಿದ್ಯಲ್ಲ" ಎಂದರು. ಆ ದಿನ ಮನೆಗೆ ನಡೆಯುವಾಗ ಮೇಷ್ಟ್ರಿಗೆ ತಮ್ಮ ಬಗ್ಗೆ ತಮಗೇ ಅಸಹ್ಯವಾಯಿತು. ಅವರು ಕದ್ದದ್ದು ವ್ಯಾಕರಣವನ್ನಲ್ಲ, ಅದನ್ನು ಟೀಚರ್ ಪ್ರೀತಿಯಿಂದಲೇ ಕೊಟ್ಟಿದ್ದರು. ಕದ್ದದ್ದು ಏಳು ಗಂಟೆಯ ಆ ಬಾಗಿಲ ಸದ್ದನ್ನು.

ಆರು ತಿಂಗಳಾಯಿತು. ಪ್ರಿನ್ಸಿಪಾಲರು ಒಂದು ಗುರುವಾರ ಸಂಜೆ ತರಗತಿಗೆ ಕೈ ಉಜ್ಜಿಕೊಳ್ಳುತ್ತ ಬಂದರು.

"ಮೇಷ್ಟ್ರೇ, ನಿಮ್ಮ ಖಾಯಂ ಪತ್ರ ಭಾನುವಾರ ಸಭೇಲಿ ಕೊಡ್ತೀವಿ. ಬ್ಯಾನರ್ ಬರೆಸಿದ್ದಾಯ್ತು, 'ಟೀಚರಿಗೇ ಟೀಚರ್' ಅಂತ! ಪೋಸ್ಟ್ ಮಾಸ್ಟರ್ ಐಡಿಯಾ. ಇನ್ನೊಂದು ವಿಷಯ, ದೊಡ್ಡ ಟೀಚರ್ ಮನೆಗೇ ಹೋಗಿ ಕರೆದು ಬಂದೆ. 'ದಿನಾ ಬೆಳಗ್ಗೆ ನಿಮ್ಮನೆಗೆ ಬರ್ತಾರಲ್ಲ, ಅವರಿಗೆ ನಮ್ಮಲ್ಲಿ ಕೆಲಸ ಖಾಯಂ ಆಗ್ತಿದೆ, ನೀವು ಬಂದು ಎರಡು ಮಾತು ಹೇಳ್ಬೇಕು' ಅಂದೆ. ಎಷ್ಟು ಖುಷಿಪಟ್ರು ಅಂತೀರಿ!"

ಮೇಷ್ಟ್ರು ಪಕ್ಕದಲ್ಲಿದ್ದ ಕುರ್ಚಿಯ ಬೆನ್ನು ಹಿಡಿದುಕೊಂಡರು. ಶುಕ್ರವಾರ, ಶನಿವಾರ, ಎರಡು ಬೆಳಗ್ಗೆ ಅವರಿಗೆ ಸಿಕ್ಕಿದ್ದವು. ಎರಡೂ ದಿನ ಅವರು ಹೇಳಲಿಲ್ಲ. ಟೀಚರೇ ಅವರ ಬೆನ್ನು ತಟ್ಟಿ, "ಔಷಧಿ ಅಂಗಡಿ ಬಿಟ್ಟು ಶಾಲೇಲಿ ಗುಮಾಸ್ತಿಕೆ ಸಿಕ್ತಾ? ಹೇಳ್ಬಾರ್ದಾ ನಂಗೆ?" ಎಂದಿದ್ದರು.

ಭಾನುವಾರ ಮೂವತ್ತೆರಡು ಕುರ್ಚಿ ಸಾಲದೆ ಬೆಂಚು ತರಿಸಿದರು. ಎಂಟು ಮಕ್ಕಳು, ಎಂಟು ಮನೆಯವರು, ಮುಂದಿನ ಸಾಲಿನಲ್ಲಿ ಹೊಸ ಸೀರೆಯುಟ್ಟ ಹೆಂಡತಿ. ದೊಡ್ಡ ಟೀಚರ್ ಒಂದು ಬಟ್ಟೆಯ ಚೀಲ ಹಿಡಿದು ಬಂದರು. ಕನ್ನಡಕ ಚೀಲದಲ್ಲೇ ಇತ್ತು, ಹಾಗಾಗಿ ತಲೆಯ ಮೇಲಿನ ಬ್ಯಾನರು ಅವರಿಗೆ ಬರೀ ಬಣ್ಣದ ಬಟ್ಟೆಯಾಗಿತ್ತು. ಮೇಷ್ಟ್ರನ್ನು ಕಂಡು ನಕ್ಕರು. ಮೇಷ್ಟ್ರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸಿಮೆಂಟಿನ ನೆಲ, ಬಿಡಲಿಲ್ಲ.

ಟೀಚರ್ ಎದ್ದು ನಿಂತರು. "ನನ್ನ ಹತ್ರ ಕಲಿತವರಲ್ಲಿ ಇವನಷ್ಟು ದೊಡ್ಡ ವಯಸ್ಸಿನ ಶಿಷ್ಯ ಬೇರೆ ಯಾರೂ ಇಲ್ಲ..."

ಸಭೆಯಲ್ಲಿ ಮೆಲ್ಲಗೆ ನಗು ಹರಡಿತು. "ಎಂಥ ವಿನಯ ನೋಡಿ!" ಎಂದರು ಪೋಸ್ಟ್ ಮಾಸ್ಟರು. "ತಾವೇ ಶಿಷ್ಯೆಯಾಗಿ, ಇವರನ್ನ ಶಿಷ್ಯ ಅಂತಾರೆ!"

"ಮೊದಲ ದಿನ ಇವನಿಗೆ ಹದಿನೈದಕ್ಕೆ ಎರಡು ಬಂತು."

ನಗು ಜೋರಾಯಿತು. ಚಪ್ಪಾಳೆ ಬಿತ್ತು. ಟೀಚರಿಗೆ ಅರ್ಥವಾಗಲಿಲ್ಲ. ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದ ಮೇಷ್ಟ್ರ ನೋಟ್‌ಬುಕ್ಕನ್ನು ಚೀಲದಿಂದ ತೆಗೆದು, "ನಗೋದೇನಿದೆ? ಸುಳ್ಳಲ್ಲ, ಇಲ್ಲೇ ಇದೆ ನೋಡಿ" ಎಂದು ಎತ್ತಿ ತೋರಿಸಿದರು. ಅದಕ್ಕೆ ಇನ್ನೂ ಹೆಚ್ಚು ನಕ್ಕರು. ಮೂವತ್ತೆಂಟು ವರ್ಷ ಒಂದು ಕೋಣೆಯನ್ನು ಕಣ್ಣಲ್ಲೇ ಸುಮ್ಮನಿರಿಸುತ್ತಿದ್ದ ಹೆಂಗಸು, ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು.

ಮೇಷ್ಟ್ರು ಎದ್ದರು.

"ಅವರು ಹೇಳ್ತಿರೋದು ನಿಜ. ನಾನು ಅವರಿಗೆ ಕಲಿಸಿಲ್ಲ. ಅವರೇ ನಂಗೆ ಕಲಿಸಿದ್ದು."

ಚಪ್ಪಾಳೆ.

"ಚಪ್ಪಾಳೆ ಹೊಡೀಬೇಡಿ! ನಂಗೆ ಗ್ರಾಮರ್ ಬರ್ತಿರ್ಲಿಲ್ಲ. ಒಂದಕ್ಷರ ಗೊತ್ತಿರ್ಲಿಲ್ಲ!"

ಹಿಂದಿನ ಬೆಂಚಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ತುಂಬಿದ ಕೊಡ ತುಳುಕೋದಿಲ್ಲ" ಎಂದರು ಪೋಸ್ಟ್ ಮಾಸ್ಟರು. ಪ್ರಿನ್ಸಿಪಾಲರು ಕಣ್ಣೊರೆಸಿಕೊಂಡರು.

"ನಾನು ಸುಳ್ಳ! ಮೋಸಗಾರ!" ಎಂದು ಮೇಷ್ಟ್ರು ಕೂಗಿದರು. ಇಷ್ಟು ದಿನ ಸುಳ್ಳನ್ನು ಕೆಮ್ಮಿದಷ್ಟರಲ್ಲೇ ನಂಬಿದ್ದ ಜನ, ಸತ್ಯವನ್ನು ಗಂಟಲು ಹರಿದುಕೊಂಡು ಕೂಗಿದರೂ ನಂಬಲು ತಯಾರಿರಲಿಲ್ಲ. ಹೆಂಡತಿ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು.

ಆಗ ಮೇಷ್ಟ್ರು ಟೀಚರ್ ಕೈಯಿಂದ ನೋಟ್‌ಬುಕ್ಕನ್ನು ತೆಗೆದುಕೊಂಡು ಮೊದಲ ಸಾಲಿನ ದರ್ಜಿ ಅಕ್ಕನ ಮಡಿಲಿಗೆ ಹಾಕಿದರು. "ಓದಿ."

ದರ್ಜಿ ಅಕ್ಕ ಬಟ್ಟೆ ಪರೀಕ್ಷಿಸಿದ ಹಾಗೆ ಒಂದು ಪುಟ ಮುಟ್ಟಿ ನೋಡಿದಳು. ನಗು ನಿಂತಿತು. "ಇದು ಬೋರ್ಡಿನ ಮೇಲಿನ ಅಕ್ಷರ. ದಿನಾ ನೋಡ್ತೀನಲ್ಲ. ತಪ್ಪೆಲ್ಲ ನಮ್ಮ ಸರ್ ಕೈದು. ತಿದ್ದಿರೋದು ಬೇರೆ ಕೈ." ಪಕ್ಕದವನಿಗೆ ಕೊಟ್ಟಳು. ಅವನು ಬಸ್ ಡ್ರೈವರ್. ಪುಟದ ಮೇಲಿನ ತಾರೀಖು ನೋಡಿ, ತನ್ನ ನೋಟ್‌ಬುಕ್ ತೆಗೆದು ಪಕ್ಕದಲ್ಲಿಟ್ಟ. "ಬೆಳಗ್ಗೆ ಇವರು ಕಲಿತದ್ದು, ಸಂಜೆ ನಾವು ಕಲಿತದ್ದು. ಒಂದೇ ಬಸ್ಸು, ಎರಡು ಟ್ರಿಪ್ಪು."

ನೋಟ್‌ಬುಕ್ ಕೈಯಿಂದ ಕೈಗೆ ಹೋಯಿತು. ಅದು ಹೋದ ಸಾಲು ಸುಮ್ಮನಾಗುತ್ತಿತ್ತು. ಹೆಂಡತಿಯ ಕೈಗೆ ಬಂದಾಗ ಅವಳು ಎರಡು ಪುಟ ತಿರುವಿ, ಮುಚ್ಚಿ, ಮುಂದಿನವರಿಗೆ ಕೊಟ್ಟು, ಎದ್ದು ಹೊರಟುಹೋದಳು. "ನಾನು ಆಗಲೇ ಹೇಳಿರ್ಲಿಲ್ವಾ?" ಎಂದಿತು ಎರಡು ಜಡೆಯ ಹುಡುಗಿ. ತಾಯಿ ಅದರ ಬಾಯಿ ಮುಚ್ಚಿದಳು.

ಟೀಚರ್ ನಿಧಾನವಾಗಿ ಕನ್ನಡಕ ಹಾಕಿಕೊಂಡು ತಲೆಯೆತ್ತಿ ಬ್ಯಾನರ್ ಓದಿದರು. ಗಟ್ಟಿಯಾಗಿಯೇ ಓದಿದರು. ಆಮೇಲೆ ಮೇಷ್ಟ್ರ ಕಡೆ ತಿರುಗಿದರು.

"ಟೀಚರಿಗೇ ಟೀಚರ್ ಅಂದ್ರೆ ನೀನಾ?"

"ಹೌದು ಟೀಚರ್."

"ನನ್ನ ಮಕ್ಕಳು ಬಿಟ್ಟಿದ್ದು ಇದಕ್ಕಾ?"

"ಹೌದು."

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು ಟೀಚರ್."

ಬೈದಿದ್ದರೆ ಮೇಷ್ಟ್ರು ಬದುಕಿಕೊಳ್ಳುತ್ತಿದ್ದರು. ಟೀಚರ್ ಬೈಯುವವರಲ್ಲವಲ್ಲ. ವಾಪಸು ಬಂದ ನೋಟ್‌ಬುಕ್ಕನ್ನು ಚೀಲದೊಳಗೆ ಇಟ್ಟುಕೊಂಡು, ತರಗತಿಯಲ್ಲಿ ಕೇಳುವ ದನಿಯಲ್ಲೇ ಕೇಳಿದರು.

"ತಪ್ಪಾದ್ರೆ ಏನು ಮಾಡ್ಬೇಕು?"

"ಹತ್ತು ಸಲ ಬರೀಬೇಕು."

"ಇದನ್ನ ಬರೆದ್ರೆ ಸಾಲ್ದು. ಹೇಳು. ಮನೆ ಮನೆಗೆ ಹೋಗಿ, ಹೊಸಿಲಲ್ಲಿ ನಿಂತು. ಇವತ್ತೇ."

"ಮಕ್ಕಳಿರೋದು ಎಂಟೇ ಮನೆ ಟೀಚರ್" ಎಂದರು ಮೇಷ್ಟ್ರು. ವಿದ್ಯಾರ್ಥಿ ಬುದ್ಧಿ ಎಲ್ಲಿ ಹೋಗುತ್ತದೆ?

"ಒಂಬತ್ತನೇದು, ಮೊದಲು ಯಾರ ಹತ್ರ ಬಾಯಿ ಮುಚ್ಚಿಕೊಂಡಿದ್ಯೋ ಅವರ ಮನೆ. ಹತ್ತನೇದು ಯಾವುದು ಅಂತ ನಾನು ಹೇಳ್ಬೇಕಾ?"

ಪ್ರಿನ್ಸಿಪಾಲರು ಖಾಯಂ ಪತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. "ಇನ್ನೊಂದಾರು ತಿಂಗಳು ನೋಡೋಣ" ಎಂದರು. ಬ್ಯಾನರ್ ಇಳಿಸಲು ಏಣಿ ಹಿಡಿದವನು ಬಸ್ ಡ್ರೈವರ್.

ಎಂಟು ಮನೆಯವರೂ ಸಭೆಯಲ್ಲಿದ್ದವರೇ, ಎಲ್ಲ ಕಂಡವರೇ. ಆದರೂ ಒಬ್ಬರೂ ಮೇಷ್ಟ್ರಿಗೆ ರಿಯಾಯಿತಿ ತೋರಿಸಲಿಲ್ಲ. ಮೂರನೆಯ ಮನೆಯಲ್ಲಿ ಸಭೆಗೆ ಬರಲಾಗದ ಅಜ್ಜಿಗಾಗಿ ಎರಡು ಸಲ ಹೇಳಿಸಿದರು. ಐದನೆಯ ಮನೆಯಲ್ಲಿ ಟಿವಿ ನಿಲ್ಲಿಸಿ ಕೇಳಿದರು. ಎರಡು ಜಡೆಯ ಹುಡುಗಿಯ ತಾಯಿ, "ನಾನೂ ಒಂದು ಮಾತು ಟೀಚರ್‌ನ ಕೇಳ್ಬೇಕಿತ್ತು" ಎಂದು ತಾನೂ ತಲೆ ತಗ್ಗಿಸಿದಳು. ಪೋಸ್ಟ್ ಮಾಸ್ಟರು ಮಾತ್ರ, "ನಾನು ಕೇಳಿದಾಗ ನೀವು ಕೆಮ್ಮಿದ್ರಿ ಸ್ವಾಮಿ! ಕೆಮ್ಮೋ ಮನುಷ್ಯನನ್ನ ಹೇಗೆ ನಂಬೋದು?" ಎಂದು ಸಿಡುಕಿ, ಸುದ್ದಿಯನ್ನು ತಿದ್ದಿ ಹಂಚಲು ಮೆಟ್ಟಿಲಿಳಿದರು.

ಹತ್ತನೆಯ ಮನೆಯ ಬಾಗಿಲು ಒಳಗಿಂದ ಹಾಕಿತ್ತು. ಮೇಷ್ಟ್ರು ತಟ್ಟಿದರು.

"ಅಲ್ಲಿಂದಲೇ ಹೇಳಿ" ಎಂದಿತು ಹೆಂಡತಿಯ ದನಿ.

ಒಂಬತ್ತು ಮನೆಯಲ್ಲಿ ಹೇಳಿ ಬಾಯಿಪಾಠವಾಗಿದ್ದ ಮಾತು ಇಲ್ಲಿ ಹೊರಡಲಿಲ್ಲ. ಮೇಷ್ಟ್ರು ಬಾಗಿಲಿಗೆ ಹಣೆ ಒರಗಿಸಿ, ನಿಂತು ನಿಂತು ಹೇಳಿದರು. "ನಂಗೆ ಬರ್ತಿರ್ಲಿಲ್ಲ ಕಣೆ. ದೊಡ್ಡ ಟೀಚರ್ ಹತ್ರ ಹೋಗಿ ಕಲಿತೆ. ನೀನು ಅಷ್ಟು ಖುಷಿಯಾಗಿದ್ಯಲ್ಲ, ಹೇಳೋಕಾಗ್ಲಿಲ್ಲ. ಆಮೇಲೆ ಅವರ ಮಕ್ಕಳೂ ಹೋದ್ವು. ಆಗಲೂ ಹೇಳ್ಲಿಲ್ಲ."

ಒಳಗೆ ಚಿಲಕ ಸರಿಯಿತು. ಅವಳ ಕಣ್ಣು ಊದಿತ್ತು.

"ಕಲಿಯೋಕೆ ಹೋಗ್ತಿದ್ದೀನಿ ಅಂದಿದ್ರೂ ಊರೆಲ್ಲ ಹೇಳ್ಕೊಂಡು ಬರ್ತಿದ್ದೆ ನಾನು" ಎಂದಳು. "ಮೂರು ಸಲ ಫೇಲಾದೋಳಿಗೆ ಅದೇನು ಚಿಕ್ಕ ವಿಷಯವಾ?" ಅಷ್ಟು ಹೇಳಿ ಒಳಗೆ ಹೋದಳು. ಮೇಷ್ಟ್ರು ಹೊಸಿಲಲ್ಲೇ ನಿಂತರು. ಹತ್ತು ಮನೆಗಳಲ್ಲಿ ಹೇಳಿದ್ದರಲ್ಲಿ ಇದೊಂದೇ ಅವರ ತಲೆಯವರೆಗೆ ಹೋದದ್ದು.

ಮರುದಿನ ಆರು ಗಂಟೆಗೆ ಟೀಚರ್ ಬಾಗಿಲು ತೆಗೆದರು. ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮೇಷ್ಟ್ರು ಎಂಟು ಹಲಗೆಗಳ ಧೂಳು ಒರೆಸಿ, ಚಾಪೆಯ ಮೇಲೆ ಸಾಲಾಗಿ ಇಟ್ಟು, ಕೊನೆಯಲ್ಲಿ ತಾವು ಕೂತರು. ಇಬ್ಬರೂ ಗಡಿಯಾರ ನೋಡಿದರು. ಏಳು ಹೊಡೆಯಿತು. ಏಳೂ ಎರಡು ನಿಮಿಷವಾಯಿತು. ಆಗ ಗೇಟು ಕಿರ್ ಎಂದಿತು. ಮೊದಲು ಎರಡು ಜಡೆ, ಅದರ ಹಿಂದೆ ಇನ್ನೂ ನಾಲ್ವರು, ಸ್ವಲ್ಪ ತಡೆದು ಮತ್ತಿಬ್ಬರು. ಒಂದು ಹಲಗೆ ಹಾಗೇ ಉಳಿಯಿತು. ಟೀಚರ್ ಅದನ್ನು ನೋಡಿದರು, ಮೇಷ್ಟ್ರೂ ನೋಡಿದರು.

ಆಗ ಬಾಗಿಲಲ್ಲಿ ಹಳೆಯ ನೋಟ್‌ಬುಕ್ಕೊಂದನ್ನು ಎದೆಗವಚಿಕೊಂಡು ಮೇಷ್ಟ್ರ ಹೆಂಡತಿ ನಿಂತಿದ್ದಳು. "ಟೀಚರ್, ನಾನು ಬರಬಹುದಾ?"

"ಮೂರು ಸಲ ಫೇಲಾದೋಳಲ್ವಾ ನೀನು? ಕೂತ್ಕೋ" ಎಂದರು ಟೀಚರ್.

ಅವಳು ಆ ಎಂಟನೆಯ ಹಲಗೆ ಎತ್ತಿಕೊಂಡು, ಗಂಡನ ಪಕ್ಕದ ಜಾಗ ಬಿಟ್ಟು, ಎರಡು ಜಡೆಯ ಆಚೆ ಹೋಗಿ ಕೂತಳು. ಮೇಷ್ಟ್ರು ಮೆಲ್ಲಗೆ ಅತ್ತ ಬಾಗಿ ಏನೋ ಹೇಳಲು ಹೊರಟರು.

"ಚಾಪೆ ಮೇಲೆ ಮಾತಾಡಬಾರದು" ಎಂದರು ಟೀಚರ್, ಪುಸ್ತಕದಿಂದ ತಲೆ ಎತ್ತದೆ. "ಹತ್ತು ಸಲ ಬರಿ."